ನಕಲು

ಅರಬ್ಬಿಯ ‘ನಕ್ಲ್’ ಪಾರಸಿ, ಉರ್ದು ಹಾದು ಕನ್ನಡಕ್ಕೆ ಬಂದು ‘ನಕಲು’ ಆಯಿತು. ಮೂಲಾರ್ಥ ಸಾಗಿಸುವುದು. ಮಕ್ಕಾದಲ್ಲಿ ಹಜ್ ಯಾತ್ರಿಕರನ್ನು ಒಯ್ಯುವ ಬಸ್ ಸಾರಿಗೆಗೆ ಇಂದಿಗೂ ಇದೇ ಪದ. ನಮ್ಮಲ್ಲಿ ತಾಲ್ಲೂಕು ಕಚೇರಿಯ ‘ಪಹಣಿ ನಕಲು’ ಮರ್ಯಾದೆಯದು, ಪರೀಕ್ಷಾ ಕೊಠಡಿಯದು ಅಪರಾಧ. ‘ನಕಲಿ’ಯಂತೂ ಪೂರ್ತಿ ಕೆಟ್ಟ ಹೆಸರು ಹೊತ್ತಿತು.

ಕಂಪ್ಯೂಟರಿನ ಬ್ಯಾಕಪ್‌ಗೆ ‘ನಕಲು’ ಎಂಬುದಕ್ಕಿಂತ ಒಪ್ಪುವ ಪದ ನನಗೆ ಕಂಡಿಲ್ಲ, ಆದರೆ ಹಳೆಯ ಅರ್ಥವನ್ನೂ ಸೇರಿಸಿಕೊಂಡು: ಪ್ರತಿ ತೆಗೆದರೆ ಸಾಲದು, ಬೇರೆಡೆಗೆ ಸಾಗಿಸಬೇಕು. ವರ್ಚುವಲ್ ಮಷಿನ್‌ನ ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನಲ್ಲಿದ್ದರೆ, ಡಿಸ್ಕ್ ಕೈಕೊಟ್ಟ ದಿನ ಎರಡೂ ಹೋದಂತೆ. ಆ ಮಷಿನ್‌ನ ಒಳಗೆ ಡೇಟಾಬೇಸ್ ಓಡುತ್ತಿದ್ದರೆ ಇನ್ನೂ ಎಚ್ಚರ ಬೇಕು. ಮೆಮೊರಿಯಲ್ಲಿ ಬಾಕಿಯಿರುವುದನ್ನು ಡಿಸ್ಕ್‌ಗೆ ಇಳಿಸಿ, ಬರೆಯುವುದನ್ನು ಕ್ಷಣಕಾಲ ತಡೆದು ತೆಗೆದ ನಕಲೇ ನೆಚ್ಚಿಕೆಯದು. ಅದನ್ನು ಆಗಾಗ ಬೇರೊಂದು ಮಷಿನ್‌ನಲ್ಲಿ ಎಬ್ಬಿಸಿ ನೋಡುವುದೂ ಈ ಕೆಲಸದ ಭಾಗವೇ.