ಮೇಲೇರಿದ ತಂಡಕ್ಕೆ ಇನ್ನೊಂದು ವರ್ಷ

2010ರಲ್ಲಿ, ಆಗ ದೇಶದ ಅಗ್ರ ಫುಟ್‌ಬಾಲ್ ಲೀಗಾಗಿದ್ದ ಐ-ಲೀಗಿಗೆ ಅದರ ಎರಡನೇ ಡಿವಿಷನ್‌ನಿಂದ ಎರಡು ತಂಡಗಳು ಬಡ್ತಿ ಪಡೆದವು: ಒಎನ್‌ಜಿಸಿ ಮತ್ತು ಬೆಂಗಳೂರಿನ ಎಚ್‌ಎಎಲ್. ಒಎನ್‌ಜಿಸಿ ಮೊದಲ ಸೀಸನ್ನಿನಲ್ಲೇ ಕೆಳಗಿಳಿಯಿತು. ಎಚ್‌ಎಎಲ್ ಒಂದು ವರ್ಷ ತಡೆದುಕೊಂಡು, 2011–12ರಲ್ಲಿ ಹದಿನಾಲ್ಕು ತಂಡಗಳ ಪಟ್ಟಿಯ ಕೊನೆಗೆ ಬಂದು ಹಿಂಬಡ್ತಿ ಪಡೆಯಿತು. ದೊಡ್ಡ ಲೀಗಿಗೆ ತಕ್ಕ ಆಟ ಇರಲಿಲ್ಲ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಎಚ್‌ಎಎಲ್ ಉಳಿದುಕೊಂಡ ಆ ಮೊದಲ ವರ್ಷ ಒಎನ್‌ಜಿಸಿಯ ಜೊತೆಗೆ ಬಿದ್ದದ್ದು 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ. ಅಂಥ ತಂಡವನ್ನು ಹಿಂದೆ ಹಾಕಿದವರಿಗೆ ಆಟ ಬರುತ್ತಿರಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಬಡ್ತಿ ತಂದುಕೊಟ್ಟ ತಂಡವನ್ನೇ ಮೇಲಿನ ಲೀಗಿಗೆ ಹೊಂದುವಂತೆ ಬದಲಿಸಲು ಸಮಯ ಬೇಕು, ಸ್ವಾತಂತ್ರ್ಯವೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಹೊಸಬರು ಕೆಳಗೆ ಬರುತ್ತಾರೆ ಎಂಬುದು ನನ್ನ ವಾದ.

ಬೆಂಗಳೂರಿನ ಪಶ್ಚಿಮದ ರಾಜಾಜಿನಗರ, ವಿಜಯನಗರದ ಕಡೆಯವರಿಗೆ ಫುಟ್‌ಬಾಲ್ ಎಂದರೆ ಊರಿನ ಪೂರ್ವ ಬದಿಯ ಆಟ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ ಆಟಗಾರರನ್ನು ಬೆಳೆಸಿದವು. ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳು ಅವರಿಗೆ ಕೆಲಸ ಕೊಟ್ಟವು. ಕಾಯಂ ನೌಕರಿ, ತಿಂಗಳಾದರೆ ಸಂಬಳ, ಕಾಲು ಸೋತ ಮೇಲೂ ಮನೆ ನಡೆಯುವ ಭರವಸೆ: ಬೆಂಗಳೂರಿನ ಫುಟ್‌ಬಾಲ್ ದಶಕಗಳ ಕಾಲ ನಿಂತಿದ್ದು ಇದರ ಮೇಲೆ. ಆದರೆ ಸ್ವಂತ ನೌಕರರನ್ನಷ್ಟೇ ಆಡಿಸುವ ಸಾರ್ವಜನಿಕ ಉದ್ದಿಮೆಯ ತಂಡ ನೈಜೀರಿಯಾದಿಂದ ಸ್ಟ್ರೈಕರ್‌ನನ್ನು ಕರೆಸಿಕೊಳ್ಳಲಾರದು. ಎಚ್‌ಎಎಲ್ ಪೂರ್ತಿ ಭಾರತೀಯರ ತಂಡವಾಗಿತ್ತು. ಗೋವಾದ ಡೆಂಪೊ ಪರ ನೈಜೀರಿಯಾದ ರ‍್ಯಾಂಟಿ ಮಾರ್ಟಿನ್ಸ್ 2011–12ರಲ್ಲಿ ಒಬ್ಬನೇ 32 ಗೋಲು ಹೊಡೆದ. ಅದಕ್ಕೂ ಒಂದು ವರ್ಷ ಮುಂಚೆ ಅದೇ ಡೆಂಪೊ, ಎಚ್‌ಎಎಲ್‌ನಂತೆಯೇ ನೌಕರರ ತಂಡವಾಗಿದ್ದ ಏರ್ ಇಂಡಿಯಾವನ್ನು 14–0 ಅಂತರದಿಂದ ಬಗ್ಗುಬಡಿದಿತ್ತು. ಎಚ್‌ಎಎಲ್‌ಗೆ ಎರಡನೇ ವರ್ಷವೇನೋ ಸಿಕ್ಕಿತು; ಆ ವರ್ಷದಲ್ಲಿ ತಂಡವನ್ನು ಬದಲಿಸಿಕೊಳ್ಳುವ ದಾರಿ ಸಿಗಲಿಲ್ಲ. 2013ರಲ್ಲಿ ಏರ್ ಇಂಡಿಯಾ, ಮತ್ತೆ ಮೇಲೇರಿ ಬಂದಿದ್ದ ಒಎನ್‌ಜಿಸಿಗಳು ಕ್ಲಬ್ ಲೈಸೆನ್ಸಿನ ನಿಯಮಕ್ಕೆ ಸಿಕ್ಕಿ ಲೀಗಿನಿಂದಲೇ ಹೊರಬಿದ್ದವು.

ಅದೇ 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿ ಬಿಡ್ ಮೂಲಕ ನೇರವಾಗಿ ಮೇಲಿನ ಲೀಗಿಗೆ ಬಂತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ತುಂಬಿತು, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪು ಹುಟ್ಟಿತು. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಮೊದಲ ಪ್ರಯತ್ನದಲ್ಲೇ ಚಾಂಪಿಯನ್ ಆಯಿತು. ಇದು ದುಡ್ಡಿನ ಮಹಿಮೆ, ಕೆಳಗಿನಿಂದ ಹತ್ತಿ ಬಂದವರ ಜೊತೆ ಇದನ್ನು ತೂಗಬಾರದು ಎನ್ನುವವರಿದ್ದಾರೆ. ಅರ್ಧ ನಿಜ. ಆ ವರ್ಷ ಬಡ್ತಿ ಪಡೆದು ಬಂದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಬಡ ತಂಡವೇನಲ್ಲ. ಅದೇ ಸೀಸನ್ನಿನಲ್ಲಿ ಡುರಾಂಡ್ ಕಪ್ಪನ್ನೂ ಐಎಫ್‌ಎ ಶೀಲ್ಡನ್ನೂ ಗೆದ್ದಿತು. ಲೀಗಿನಲ್ಲಿ ಮಾತ್ರ ಕೆಳಗೆ ಬಿತ್ತು. ನಾಲ್ಕಾರು ಪಂದ್ಯಗಳ ಕಪ್ ಗೆಲ್ಲುವ ಶಕ್ತಿ ಬೇರೆ, ಆರೇಳು ತಿಂಗಳು ವಾರವಾರವೂ ಆಡಿ ಉಳಿಯುವ ಶಕ್ತಿ ಬೇರೆ. ಬೆಂಗಳೂರು ಎಫ್‌ಸಿಗೆ ಹಳೆಯ ತಂಡದ ಹೊರೆ ಇರಲಿಲ್ಲ. ಸುನಿಲ್ ಚೆಟ್ರಿಯಿಂದ ಹಿಡಿದು ಪ್ರತಿಯೊಬ್ಬರನ್ನೂ ಆ ಲೀಗಿಗೆಂದೇ ಆರಿಸಿ ತರಲಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಈಶಾನ್ಯ ಮತ್ತು ಕಾಶ್ಮೀರದಿಂದ ಬರುತ್ತದೆ. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ 2014–15ರಲ್ಲಿ ಮೂರನೆಯದು, ಇಂಫಾಲದ ನೆರೊಕಾ 2017–18ರಲ್ಲಿ ಎರಡನೆಯದು, ರಿಯಲ್ ಕಾಶ್ಮೀರ್ 2018–19ರಲ್ಲಿ ಮೂರನೆಯದು; ಮೂರಕ್ಕೂ ಅದು ಬಡ್ತಿಯ ಮೊದಲ ವರ್ಷ. ಎದುರಾಳಿಗಳಿಗೆ ಗುರುತಿಲ್ಲದ ತಂಡ ಒಂದು ಸೀಸನ್ ಎಲ್ಲರನ್ನೂ ದಂಗುಬಡಿಸಬಲ್ಲದು, ಒಪ್ಪೋಣ. ಮುಂದೇನಾಯಿತು ಎಂದು ನೋಡಿದರೆ, ವಾಹಿಂಗ್ಡೊ ಆ ಒಂದೇ ಸೀಸನ್ ಆಡಿ ಲೀಗ್ ಬಿಟ್ಟಿತು, ನೆರೊಕಾ 2023–24ರಲ್ಲಿ ಹಿಂಬಡ್ತಿ ಪಡೆಯಿತು. ಇಂಗ್ಲೆಂಡಿನಲ್ಲಂತೂ 2023–24, 2024–25ರ ಎರಡೂ ಸೀಸನ್‌ಗಳಲ್ಲಿ ಅಗ್ರ ಲೀಗಿಗೆ ಆಗಷ್ಟೇ ಬಡ್ತಿ ಪಡೆದು ಬಂದ ಮೂರಕ್ಕೆ ಮೂರೂ ತಂಡಗಳು ಒಂದೇ ವರ್ಷದಲ್ಲಿ ವಾಪಸ್ಸಾದವು.

ಮಿಜೋರಂನ ಐಜಾಲ್ ಎಫ್‌ಸಿಯದು ಈ ಚರ್ಚೆಯ ಮುಖ್ಯ ಸಾಕ್ಷ್ಯ. ಬಡ್ತಿ ಪಡೆದು ಬಂದ ಅದು 2015–16ರಲ್ಲಿ ಒಂಬತ್ತು ತಂಡಗಳಲ್ಲಿ ಎಂಟನೆಯದು. ಕೊನೆಯ ಸ್ಥಾನ ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್‌ನದು. ನೇರ ಪ್ರವೇಶ ಪಡೆದ ತಂಡವಾದ್ದರಿಂದ ಅದಕ್ಕೆ ಹಿಂಬಡ್ತಿಯಿಂದ ವಿನಾಯಿತಿ. ಆ ಪಾಲು ಐಜಾಲ್ ತಲೆಗೆ ಬಂತು. ಅಷ್ಟರಲ್ಲಿ ಗೋವಾದ ಕ್ಲಬ್‌ಗಳು ಲೀಗ್ ತೊರೆದದ್ದರಿಂದ ಜಾಗ ತೆರವಾಗಿ ಐಜಾಲ್‌ಗೆ ಇನ್ನೊಂದು ವರ್ಷ ಸಿಕ್ಕಿತು. ಖಾಲಿದ್ ಜಮೀಲ್ ತರಬೇತಿಯಲ್ಲಿ ಆ ವರ್ಷವೇ, 2016–17ರಲ್ಲಿ, ಅದು ದೇಶದ ಚಾಂಪಿಯನ್ ಆಯಿತು.

ಡಿಎಸ್‌ಕೆಗೆ ಸಿಕ್ಕಂಥ ವಿನಾಯಿತಿ ಬಡ್ತಿ ಪಡೆದು ಬಂದವರಿಗೂ ಮೊದಲ ವರ್ಷ ಸಿಗಬೇಕು. ಹೊಸಬರಿಗೆಲ್ಲ ಹೀಗೆ ರಕ್ಷಣೆ ಕೊಟ್ಟರೆ ಪಟ್ಟಿಯ ತಳದ ಪಂದ್ಯಗಳಿಗೆ ಖಾರವೇ ಇರುವುದಿಲ್ಲ ಎನ್ನಬಹುದು. ಒಂದೇ ವರ್ಷದ, ಏರಿ ಬಂದ ತಂಡಕ್ಕಷ್ಟೇ ಸಲ್ಲುವ ರಕ್ಷಣೆಯಾದರೆ ಅದರ ಮೇಲಿನ ತಂಡ ಬೀಳುತ್ತದೆ, ಹಣಾಹಣಿ ಒಂದು ಮೆಟ್ಟಿಲು ಮೇಲಕ್ಕೆ ಸರಿಯುತ್ತದೆ, ಅಷ್ಟೇ. ಬಿಡ್ ಕೊಟ್ಟು ಬಂದವರಿಗೆ ಒಪ್ಪಿಕೊಂಡ ಈ ರಿಯಾಯಿತಿಯನ್ನು ಆಡಿ ಬಂದವರಿಗೆ ನಿರಾಕರಿಸಲು ನನಗೆ ಯಾವ ಕ್ರೀಡಾ ಕಾರಣವೂ ಕಾಣುವುದಿಲ್ಲ. 2024–25ರಲ್ಲಿ, ಆಗ ದೇಶದ ಅಗ್ರ ಲೀಗಾಗಿದ್ದ ಇಂಡಿಯನ್ ಸೂಪರ್ ಲೀಗಿಗೆ ಏರಿದ ಮೊಹಮ್ಮಡನ್ ಹದಿಮೂರು ತಂಡಗಳಲ್ಲಿ ಕೊನೆಯದಾಯಿತು. ಅಲ್ಲಿ ಆಗ ಹಿಂಬಡ್ತಿ ಇಲ್ಲದ್ದರಿಂದ ಬೀಳಲಿಲ್ಲ. ಅದೇ ಸೀಸನ್ನಿನಲ್ಲಿ, ಆ ಹೊತ್ತಿಗೆ ದೇಶದ ಎರಡನೇ ಹಂತವಾಗಿದ್ದ ಐ-ಲೀಗಿಗೆ, ಕೆಳಗಿನ ಡಿವಿಷನ್ ಗೆದ್ದು ಬಂದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಒಂದೇ ವರ್ಷಕ್ಕೆ ಕೆಳಗಿಳಿಯಿತು.