ಸ್ವಗತಿ ಕಲಿಕೆಯ ಕ್ರೈಸ್ತ ಶಾಲೆ

ಮಗು ತನ್ನ ವೇಗಕ್ಕೆ ತಕ್ಕಂತೆ ಪುಸ್ತಿಕೆಗಳನ್ನು ತಾನೇ ಓದಿ ಮುಗಿಸುತ್ತಾ ಹೋಗುವ, ಗಣಿತದಿಂದ ವಿಜ್ಞಾನದವರೆಗೆ ಎಲ್ಲಕ್ಕೂ ಬೈಬಲನ್ನೇ ಬುನಾದಿಯಾಗಿಟ್ಟುಕೊಂಡ ಖಾಸಗಿ ಶಿಕ್ಷಣಕ್ರಮ. ಇದರ ಹೆಸರಾಂತ ಮಾದರಿ ‘ಆಕ್ಸಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್’. ಡೊನಾಲ್ಡ್ ಮತ್ತು ಎಸ್ತರ್ ಹೊವರ್ಡ್ ದಂಪತಿ ಇದನ್ನು 1970ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಆರಂಭಿಸಿದರು.

ಇಲ್ಲಿ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವವರಿಲ್ಲ. ಎರಡೂ ಪಕ್ಕಕ್ಕೆ ಹಲಗೆ ಅಡ್ಡವಿಟ್ಟ ಗೂಡುಗಳಲ್ಲಿ ಮಕ್ಕಳು ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ಆ ಗೂಡಿನ ಹೆಸರು ‘ಆಫೀಸು’. ಅನುಮಾನ ಬಂದರೆ ‘ಮಿಸ್’ ಎಂದು ಕೂಗುವಂತಿಲ್ಲ. ಗೂಡಿನ ಮೇಲೆ ಪುಟ್ಟ ಬಾವುಟ ಸಿಕ್ಕಿಸಿ, ಮೇಲ್ವಿಚಾರಕರು ಬರುವ ತನಕ ಕಾಯಬೇಕು. ಲೆಕ್ಕ ಮುಗಿದ ಮೇಲೆ ಬೇರೆ ಮೇಜಿಗೆ ಹೋಗಿ, ಅಲ್ಲಿರುವ ಉತ್ತರಪುಸ್ತಿಕೆ ನೋಡಿ ತನ್ನ ತಪ್ಪನ್ನು ತಾನೇ ಗುರುತು ಹಾಕಿಕೊಳ್ಳಬೇಕು. ಒಂದು ವಿಷಯಕ್ಕೆ ವರ್ಷಕ್ಕೆ 12 ಪುಸ್ತಿಕೆ. ಸಾಮಾನ್ಯವಾಗಿ ಶೇ 80 ಅಂಕ ಬಾರದೆ ಮುಂದಿನದು ಕೈಗೆ ಸಿಗದು.

ನಿಧಾನವಾಗಿ ಕಲಿಯುವ ಮಗುವಿಗೆ ಇಲ್ಲಿ ನಾಚಿಕೆಯಿಲ್ಲ, ರ‍್ಯಾಂಕಿನ ಓಟವಿಲ್ಲ, ಮನೆಯ ನಂಬಿಕೆಗೂ ಶಾಲೆಯ ಪಾಠಕ್ಕೂ ಜಗಳವಿಲ್ಲ ಎನ್ನುತ್ತಾರೆ ಮೆಚ್ಚಿದವರು. ಬಿಟ್ಟ ಸ್ಥಳ ತುಂಬುವುದೇ ವಿದ್ಯೆಯಾದರೆ ಚರ್ಚೆಗೆ ಎಡೆಯೆಲ್ಲಿ ಎಂಬುದು ಟೀಕಾಕಾರರ ಪ್ರಶ್ನೆ. ಹಳೆಯ ವಿಜ್ಞಾನ ಪುಸ್ತಿಕೆಯೊಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ದಂತಕಥೆಯ ಪ್ರಾಣಿಯನ್ನೇ ವಿಕಾಸವಾದದ ವಿರುದ್ಧ ಸಾಕ್ಷಿಗೆ ಕರೆತಂದು ನಗೆಪಾಟಲಾಗಿತ್ತು.

ಶಾಲೆ ಮತ್ತು ಬೈಬಲಿನ ತಕರಾರು ಕನ್ನಡನಾಡಿಗೆ ಹಳೆಯದು. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತ ಪ್ರಚಾರಕರ ಬಾಸೆಲ್ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಆ ಮಿಷನ್ನಿನವರಿಂದ ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತ್ತು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. 2022ರ ಏಪ್ರಿಲಿನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನ ಪ್ರವೇಶ ಅರ್ಜಿಯಲ್ಲಿದ್ದ ‘ಮಗು ಬೈಬಲ್ ತರುವುದಕ್ಕೆ ಪೋಷಕರು ಆಕ್ಷೇಪಿಸಬಾರದು’ ಎಂಬ ಷರತ್ತಿನ ಬಗ್ಗೆ ಎದ್ದ ವಿವಾದ ಈ ಎರಡು ವಿಧಿಗಳ ನಡುವಿನದೇ. ಅದು ಸ್ವಗತಿ ಶಾಲೆಯಲ್ಲ. ಪ್ರಶ್ನೆ ಮಾತ್ರ ಅದೇ.

ಅದೇ ಬೆಂಗಳೂರಿನ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಬೆಳೆದದ್ದು ಬೇರೆಯದೇ ಪರಂಪರೆ. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಹುಟ್ಟಿದ ನ್ಯಾಷನಲ್ ಹೈಸ್ಕೂಲು ಇಲ್ಲಿಯದು. ಅಲ್ಲೇ ಓದಿದ ಎಚ್. ನರಸಿಂಹಯ್ಯ 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನೆ ಕೇಳಲು ಅಲ್ಲಿ ಬಾವುಟ ಬೇಕಿರಲಿಲ್ಲ.

ಹಾಗೆಂದು ಸ್ವಗತಿಯ ಮೇಲೆ ಮುನಿಸು ಬೇಡ. ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ತೆರೆದ ನೀಲ್‌ಬಾಗ್ ಶಾಲೆಯಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲೇ ಕಲಿಯುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಮೊಳೆತ ‘ನಲಿಕಲಿ’ಯಲ್ಲೂ ಕಾರ್ಡುಗಳಿವೆ, ಕಲಿಕಾ ಏಣಿಯಿದೆ, ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಮಗುವೇ ಹುಡುಕಿಕೊಳ್ಳುತ್ತದೆ. ಆದರೆ ಕೂರುವುದು ‘ತಟ್ಟೆ’ ಎಂಬ ಗುಂಪುಗಳಲ್ಲಿ. ಒಂದು ತಟ್ಟೆಗೆ ಮೇಷ್ಟ್ರ ನೆರವು, ಇನ್ನೊಂದರಲ್ಲಿ ಮುಂದಿರುವವಳು ಹಿಂದಿರುವವನಿಗೆ ಹೇಳಿಕೊಡುತ್ತಾಳೆ. ನಡುವೆ ಅಡ್ಡಹಲಗೆ ಇಲ್ಲ.