ರೇಡಿಯೋ ಮೇಷ್ಟ್ರ ಸೈಕಾಲಜಿ, ಹೊಸೂರು ರಸ್ತೆಯ ಗೇಟು

ನೀವೀಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಈ ಪಾಡ್‌ಕಾಸ್ಟ್‌ಗೆ ಅಜ್ಜ ಅಂದ್ರೆ ರೇಡಿಯೋ. 1935ರಲ್ಲಿ ಮೈಸೂರಿನ ಒಂದು ಮನೆಯಿಂದ ‘ಆಕಾಶವಾಣಿ’ ಅನ್ನೋ ಹೆಸರಲ್ಲಿ ಪ್ರಸಾರ ಶುರುವಾಯ್ತು, ಇದು ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಿರಬಹುದು. ಆದ್ರೆ ಆ ಮನೆಯ ಯಜಮಾನರು ಎಂಜಿನಿಯರ್ ಅಲ್ಲ. ಮಹಾರಾಜ ಕಾಲೇಜಿನ ಸೈಕಾಲಜಿ ಮೇಷ್ಟ್ರು, ಎಂ.ವಿ. ಗೋಪಾಲಸ್ವಾಮಿ.

ಇವತ್ತಿನ ವಿಷಯ ರೇಡಿಯೋ ಅಲ್ಲ, ಅವರು ಪಾಠ ಮಾಡ್ತಿದ್ದ ಸಬ್ಜೆಕ್ಟು. ಡಿಗ್ರಿಯಲ್ಲಿ ಸೈಕಾಲಜಿ ಓದಿ, ಅದರಲ್ಲೇ ಎಂ.ಎಸ್ಸಿ.ನೂ ಮುಗಿಸಿದವರಿಗೆ ಒಂದು ದಿನ ಗೊತ್ತಾಗುತ್ತೆ: ಐದು ವರ್ಷ ಓದಿದ್ರೂ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕೋ ಹಾಗಿಲ್ಲ. ಯಾಕೆ? ಇದಕ್ಕೆ ಉತ್ತರ ಸಿಲಬಸ್‌ನಲ್ಲಿ ಸಿಗಲ್ಲ, ಇತಿಹಾಸದಲ್ಲಿ ಸಿಗುತ್ತೆ.

ಕಥೆ ಶುರುವಾಗೋದು ಕಲ್ಕತ್ತಾದಲ್ಲಿ. 1905ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ಬರೆದುಕೊಟ್ಟವರು ತತ್ತ್ವಶಾಸ್ತ್ರದ ವಿದ್ವಾಂಸ ಬ್ರಜೇಂದ್ರನಾಥ ಸೀಲ್. ಅಲ್ಲಿ ವಿಭಾಗ ಶುರುವಾಗಿದ್ದು 1916ರಲ್ಲಿ, ಹಾರ್ವರ್ಡ್‌ನಲ್ಲಿ ಕಲಿತು ಬಂದ ನರೇಂದ್ರನಾಥ ಸೇನ್‌ಗುಪ್ತ ಅವರ ಕೈಯಲ್ಲಿ. ಅದೇ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದ್ರು. ಮೂರು ವರ್ಷ ಕಳೆಯೋದ್ರಲ್ಲಿ, ಅಂದ್ರೆ 1924ರಲ್ಲಿ, ಮೈಸೂರಲ್ಲೂ ಸೈಕಾಲಜಿ ವಿಭಾಗ ಬಂತು. ಇದು ಕಾಕತಾಳೀಯ ಅಂತ ನನಗಂತೂ ಅನ್ನಿಸಲ್ಲ.

ವಿಭಾಗ ಕಟ್ಟಿದ ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕಲಿತವರು. ಬುದ್ಧಿಶಕ್ತಿಯನ್ನ ಅಳೆಯಬಹುದು, ಅದಕ್ಕೆ ಲೆಕ್ಕ ಇದೆ ಅಂದ ಸ್ಪಿಯರ್‌ಮನ್. ಹಾಗಾಗಿ ಮೈಸೂರಿನ ಸೈಕಾಲಜಿಗೆ ಮೊದಲಿನಿಂದಲೂ ಅಳತೆ, ಪರೀಕ್ಷೆ, ಪ್ರಯೋಗಗಳ ನಂಟು. ಪಾಶ್ಚಾತ್ಯ ಬುದ್ಧಿಮಾಪನ ಪರೀಕ್ಷೆಗಳನ್ನ ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಮಾರ್ಪಡಿಸೋ ಕೆಲಸ ಅಲ್ಲಿ ನಡೀತು. ಇವತ್ತಿಗೂ ಡಿಗ್ರಿ ಪ್ರಾಕ್ಟಿಕಲ್ಸ್‌ನಲ್ಲಿ ಕನ್ನಡಿ ನೋಡ್ಕೊಂಡು ನಕ್ಷತ್ರ ಬಿಡಿಸ್ತೀರಲ್ಲ, ಆ ಪ್ರಯೋಗ ಇಂಥ ಲ್ಯಾಬ್ ಪರಂಪರೆಯಿಂದಲೇ ಬಂದದ್ದು. ಒಟ್ಟಿನಲ್ಲಿ ಇದು ಕಾಲೇಜಿನ ವಿದ್ಯೆ. ರೋಗಿಯ ಎದುರು ಕೂತು ಕಲಿಯೋದು ಆ ಡಿಗ್ರಿಯ ಭಾಗ ಆಗಿರಲಿಲ್ಲ.

ಆ ಇನ್ನೊಂದು ದಾರಿ ತೆರೆದದ್ದು ಬೆಂಗಳೂರಲ್ಲಿ. 1946ರ ಭೋರ್ ಸಮಿತಿ ವರದಿ ಬಂದಾಗ ಸುಮಾರು 40 ಕೋಟಿ ಜನರ ದೇಶಕ್ಕೆ ಮಾನಸಿಕ ಆಸ್ಪತ್ರೆಗಳಲ್ಲಿದ್ದದ್ದು ಹತ್ತಿರ ಹತ್ತಿರ 10 ಸಾವಿರ ಹಾಸಿಗೆ. ಹಾಸಿಗೆ ಕಡಿಮೆ ಅನ್ನೋದು ಒಂದು ಕಡೆ, ನೋಡ್ಕೊಳ್ಳೋಕೆ ಕಲಿತವರೇ ಇಲ್ಲ ಅನ್ನೋದು ಇನ್ನೊಂದು ಕಡೆ. 1954ರಲ್ಲಿ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಮೊದಲ ನಿರ್ದೇಶಕರು ಡಾ. ಎಂ.ವಿ. ಗೋವಿಂದಸ್ವಾಮಿ. ಮೈಸೂರಿನವರು ಗೋಪಾಲಸ್ವಾಮಿ, ಬೆಂಗಳೂರಿನವರು ಗೋವಿಂದಸ್ವಾಮಿ. ಇನಿಷಿಯಲ್ಲೂ ಒಂದೇ, ಗಲಿಬಿಲಿ ಮಾಡ್ಕೋಬೇಡಿ! 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

1955ರಲ್ಲಿ ಆ ಸಂಸ್ಥೆ ಸೈಕಾಲಜಿ ಓದಿದವರಿಗೆ ಅಂತಲೇ ಒಂದು ಡಿಪ್ಲೊಮಾ ಶುರು ಮಾಡ್ತು. ಮೊದಲು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಆಸ್ಪತ್ರೆಯೊಳಗೇ ತರಬೇತಿ. ಇದೇ ಡಿಪ್ಲೊಮಾ ಮುಂದೆ ಎಂ.ಫಿಲ್. ಆಯ್ತು. ಎಂ.ಫಿಲ್. ಅಂದ ತಕ್ಷಣ ಲೈಬ್ರರಿಯಲ್ಲಿ ಕೂತು ಪ್ರಬಂಧ ಬರೆಯೋದು ಅಂದ್ಕೋಬೇಡಿ. ಎರಡು ವರ್ಷ ಪೂರ್ತಿ ಹಾಜರಿ. ಬೆಳಗ್ಗೆ ಓಪಿಡಿ, ವಾರ್ಡ್. ರೋಗಿಯ ಮನೆಯವರನ್ನ ಕೂರಿಸಿಕೊಂಡು ಪೂರ್ವಾಪರ ಬರ್ಕೊಳ್ಳೋದು, ಪರೀಕ್ಷೆಗಳನ್ನ ಕೊಟ್ಟು ವರದಿ ಮಾಡೋದು, ಥೆರಪಿ ಕೊಡೋದು. ಪ್ರತಿ ಕೇಸನ್ನೂ ಹಿರಿಯರ ಮುಂದಿಟ್ಟು ‘ಇದನ್ಯಾಕೆ ಕೇಳಲಿಲ್ಲ’ ಅಂತ ಅನ್ನಿಸ್ಕೊಳ್ಳೋದು. ಇದೆಲ್ಲ ಪುಸ್ತಕದಿಂದ ಬರಲ್ಲ. ಆ ಗೇಟು ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ತಕರಾರಿರೋದು ಗೇಟಿನ ಅಗಲದ ಬಗ್ಗೆ. 1962ರಲ್ಲಿ ರಾಂಚಿಯಲ್ಲೂ ಇಂಥ ಕೋರ್ಸ್ ಬಂತು, ಸರಿ. ಆದ್ರೆ ದಶಕಗಟ್ಟಲೆ ಈ ತರಬೇತಿ ಅಂದ್ರೆ ಬೆಂಗಳೂರು, ಇಲ್ಲಾ ರಾಂಚಿ ಅನ್ನೋ ಹಾಗಿತ್ತು. ಇತ್ತ ಊರೂರಿನ ಕಾಲೇಜುಗಳಲ್ಲಿ ಸೈಕಾಲಜಿ ಬಂತು, ದೂರಶಿಕ್ಷಣದಲ್ಲೂ ಬಂತು. ನನ್ನ ಹಾಗೆ ಬಿ.ಕಾಂ. ಮಾಡಿದವರೂ ಮನೆಯಲ್ಲೇ ಕೂತು ಎಂ.ಎ. ಸೈಕಾಲಜಿ ಕಟ್ಟಬಹುದಾಗಿತ್ತು. ಬರೋ ರಸ್ತೆ ಹೆದ್ದಾರಿ ಆಯ್ತು, ಗೇಟು ಮಾತ್ರ ಒಬ್ಬೊಬ್ಬರೇ ನುಗ್ಗೋ ಅಷ್ಟೇ ಉಳೀತು.

ಅದರ ಮೇಲೆ ಕಾನೂನು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಪರಿಷತ್ತಿನ ನೋಂದಣಿ ಬೇಕು. ಇಲ್ಲದೆ ಕೆಲಸ ಮಾಡಿದ್ರೆ ಒಂದು ವರ್ಷದವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅತ್ತ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ಸಮಸ್ಯೆ ಕಂಡುಬಂತು. ಅಂಥವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕಲಿಯೋಕೆ ಕಾಯ್ತಿರೋರು ಗೇಟಿನ ಹೊರಗೆ, ಚಿಕಿತ್ಸೆಗೆ ಕಾಯ್ತಿರೋರು ಊರಲ್ಲಿ.

ಈಗ ಆ ಗೇಟೇ ಜಾಗ ಬದಲಿಸ್ತಿದೆ. 2020ರ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಡ್ತು. ಆದ್ರೆ ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ 2025-26ರವರೆಗೆ ಗಡುವು ಕೊಡ್ತು. ಪರಿಷತ್ತು ಕ್ಲಿನಿಕಲ್ ಸೈಕಾಲಜಿಯಲ್ಲೇ ನಾಲ್ಕು ವರ್ಷದ ಆನರ್ಸ್ ಪದವಿ, ಎರಡು ವರ್ಷದ ಎಂ.ಎ. ರೂಪಿಸಿದೆ. ಪಿಯುಸಿ ಮುಗಿಸಿದವರು ನೇರವಾಗಿ ಈ ಹಳಿ ಹತ್ತಬಹುದು. 1955ರಿಂದ ಬೇರೆ ಬೇರೆ ಇದ್ದ ಕಾಲೇಜು, ಆಸ್ಪತ್ರೆಗಳನ್ನ ಮೊದಲ ವರ್ಷದಿಂದಲೇ ಜೋಡಿಸೋ ಪ್ರಯತ್ನ ಇದು. ಒಳ್ಳೇದೇ, ಆದ್ರೆ ಮೂರು ವರ್ಷದ ಸಾಮಾನ್ಯ ಬಿ.ಎ. ಮುಗಿಸಿ ಕೂತಿರೋರ ಕಥೆ ಏನು ಅನ್ನೋದನ್ನ ಯಾರೂ ಬಿಡಿಸಿ ಹೇಳ್ತಿಲ್ಲ. ಜೊತೆಗೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆನ್‌ಲೈನ್, ದೂರಶಿಕ್ಷಣದಲ್ಲಿ ಸೈಕಾಲಜಿ ಕಲಿಸೋ ಹಾಗಿಲ್ಲ ಅಂತ ಯುಜಿಸಿ ಹೇಳಿದೆ. ನಮ್ಮಂಥ ಬಿ.ಕಾಂ.ನವರ ಆ ಹಿಂಬಾಗಿಲೂ ಮುಚ್ಚಿತು.

ಹಾಗಾಗಿ ಯಾವುದೇ ಕಾಲೇಜು ‘ಕ್ಲಿನಿಕಲ್’ ಅಂತ ಬ್ಯಾನರ್ ಹಾಕಿದ್ರೆ, ಫೀಸ್ ಕಟ್ಟೋ ಮುಂಚೆ ಆ ಕೋರ್ಸ್‌ಗೆ ಪುನರ್ವಸತಿ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೆ ಇದೆಯಾ ಅಂತ ಪರಿಷತ್ತಿನ ವೆಬ್‌ಸೈಟಲ್ಲೇ ನೋಡಿ. ಕಾಲೇಜಿಗೆ ಮಾನ್ಯತೆ ಇದೆ ಅಂದ್ರೆ ಸಾಲದು, ಕೋರ್ಸ್‌ಗೆ ಇರಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.